ಹಾವಿಗೆ ಉಣಿಸುವವಳು

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 9.10. ಸರ್ಬಿಯಾದ ಡ್ಯಾನ್ಯೂಬ್ ದಂಡೆಯ ಠಾಣೆಗೆ ವಸ್ತುಸಂಗ್ರಹಾಲಯದ ಮುಖ್ಯಸ್ಥ ಪೆಯಿಚ್ ದೂರು ತಂದರು. ರೋಮನ್ ಕಾಲದ ಚಿನ್ನದ ನಾಣ್ಯವೊಂದು ಕಾಣೆಯಾಗಿದೆ. ಆ ಜಾಗದಲ್ಲಿ ಹಿತ್ತಾಳೆಯ ನಕಲು ಇದೆ. ಎಫ್‌ಐಆರ್ ದಾಖಲಾಯಿತು.

9.45ಕ್ಕೆ ಇನ್‌ಸ್ಪೆಕ್ಟರ್ ತಾಸಿಚ್ ಗಾಜಿನ ಪೆಟ್ಟಿಗೆಯ ಪಂಚನಾಮೆ ಬರೆಸಿದ. ಬೀಗ ಮುರಿದಿರಲಿಲ್ಲ. ಉಳಿದ ಹನ್ನೊಂದು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖ ಮೇಲಿತ್ತು. ನಕಲಿನಲ್ಲಿ ಮಾತ್ರ ಹಿಂಬದಿ ಮೇಲೆ: ಬಟ್ಟಲಿನಿಂದ ಹಾವಿಗೆ ಉಣಿಸುವ ದೇವತೆ. ಅವಳ ತಲೆಯ ಮೇಲೆ ಹೊಸದಾಗಿ ಕೊರೆದ ತೂತು.

"ಕಳೆದದ್ದಕ್ಕೂ ತೂತಿತ್ತಾ?"

"ಇತ್ತು. ಇದ್ದದ್ದರಲ್ಲಿ ಅದೇ ಕಳಪೆ," ಎಂದರು ಪೆಯಿಚ್. "ಯಾರೋ ದಡ್ಡರು ಚಕ್ರವರ್ತಿಯ ಕತ್ತಿನ ಕೆಳಗೆ ಕೊರೆದಿದ್ರು. ದಾರಕ್ಕೆ ಕಟ್ಟಿದ್ರೆ ಅವನು ತಲೆಕೆಳಗಾಗಿ ನೇತಾಡ್ಬೇಕು."

ಕಾನ್‌ಸ್ಟೆಬಲ್ ನೆಬೊಯ್ಷಾ ಕೆಮ್ಮಿದ. "ದಡ್ಡರಲ್ಲ ಸಾರ್. ನಮ್ಮ ಕಾಮೆನ್‌ದೋಲ್‌ನಲ್ಲಿ ಮದುವಣಗಿತ್ತಿ ಕತ್ತಿಗೆ ಹೀಗೇ ಕಟ್ಟೋದು. ಹಾವು ಮನೆ ಕಾಯುತ್ತೆ, ಇವಳು ಹಾವಿಗೆ ಉಣಿಸ್ತಾಳೆ. ಅವಳು ನೆಟ್ಟಗಿದ್ರೆ ಸಾಕು. ರಾಜ ಹೇಗೆ ನೇತಾಡಿದ್ರೆ ನಮಗೇನು?"

"ನಿಮ್ಮೂರಿನವರು ಇಲ್ಲಿ ಯಾರಿದ್ದಾರೆ?"

ನೆಬೊಯ್ಷಾ ತಡೆದು ಹೇಳಿದ. "ಗಾಜು ಒರೆಸೋ ದೆಸಾಂಕಾ. ಕೀಲಿ ಅವಳ ಹತ್ರಾನೂ ಇರುತ್ತೆ. ಅವಳಮ್ಮ ಕ್ರುನಿಯಾ ಭಾನುವಾರ ತೀರ್ಕೊಂಡ್ಳು. ಇವತ್ತು ಎರಡಕ್ಕೆ ಮಣ್ಣು."

ತಾಸಿಚ್ ಕಡತ ತೆರೆಸಿದ. ನಾಣ್ಯದ ಮುಂದೆ ಒಂದೇ ಸಾಲು: 1978ರಲ್ಲಿ ಜಪ್ತಿ, ಕಾಮೆನ್‌ದೋಲ್.

ಮಧ್ಯಾಹ್ನ 1.25. ಕಾಮೆನ್‌ದೋಲ್‌ನಲ್ಲಿ ಕ್ರುನಿಯಾಳ ಮನೆಯಂಗಳದಲ್ಲಿ ರಾಕಿಯಾ ಸಾರಾಯಿಯ ಲೋಟ ಹಿಡಿದು ನಿಂತಿದ್ದ ಗಂಡಸರು ದಾರಿ ಬಿಡಲಿಲ್ಲ.

"ಸಾವಿನ ಮನೇಲೂ ಜಪ್ತಿಗೆ ಬಂದ್ರಾ?" ಎಂದ ಒಬ್ಬ. ಇನ್ನೊಬ್ಬ ನೆಬೊಯ್ಷಾನ ಬೂಟಿನ ಮೇಲೆ ಉಗುಳಿದ. "ದಾರಿ ತೋರ್ಸಿದ್ದು ನೀನೇ ಏನೋ, ನಾಯಿ?"

ಒಳಗೆ ದೆಸಾಂಕಾ ಶವಪೆಟ್ಟಿಗೆಯ ಮುಚ್ಚಳಕ್ಕೆ ಎರಡೂ ಕೈ ಊರಿ ನಿಂತಿದ್ದಳು.

"ನಾಣ್ಯ ಎಲ್ಲಿದೆ?" ಎಂದ ತಾಸಿಚ್.

"ಮೂರು ಗಂಟೆಗೆ ಬನ್ನಿ ಸಾಹೇಬ್ರೆ. ಆಮೇಲೆ ಏನ್ ಬೇಕಾದ್ರೂ ಒಪ್ಕೋತೀನಿ."

"ಮುಚ್ಚಳ ತೆಗಿ."

"ನಿಮ್ಮಮ್ಮನ ಕತ್ತಿಗೂ ಹೀಗೇ ಕೈ ಹಾಕ್ತೀರಾ?"

ಪಂಚರಾಗಲು ಊರವರು ಯಾರೂ ಒಪ್ಪಲಿಲ್ಲ. ಪಾದ್ರಿ ಮತ್ತು ಗುಂಡಿ ತೋಡುವವನ ಎದುರು 1.50ಕ್ಕೆ ಮುಚ್ಚಳ ತೆಗೆಸಲಾಯಿತು. ಮುದುಕಿಯ ಕತ್ತಿನಲ್ಲಿ ಕೆಂಪು ದಾರ, ದಾರದಲ್ಲಿ ನಾಣ್ಯ. ದೇವತೆ ನೆಟ್ಟಗಿದ್ದಳು. ತಾಸಿಚ್ ದಾರ ಕತ್ತರಿಸಿದ.

2.05ಕ್ಕೆ ದೆಸಾಂಕಾಳ ಬಂಧನ. ಒಂದು ಹಿಡಿ ಮಣ್ಣು ಹಾಕಿ ಬರುತ್ತೇನೆಂದು ಕೇಳಿದಳು. "ಜೀಪು ಹತ್ತು," ಎಂದ ತಾಸಿಚ್.

ಅವಳ ಹೇಳಿಕೆಯನ್ನು ನೆಬೊಯ್ಷಾನೇ ಬರೆದುಕೊಂಡ: "ಅದು ಅಮ್ಮನಿಗೆ ನಮ್ಮ ಜೋಳದ ಹೊಲದಲ್ಲಿ ಸಿಕ್ಕಿದ್ದು. ಪೊಲೀಸರು ಅವಳ ಕತ್ತಿನಿಂದ ಕಿತ್ತಾಗ ನನಗೆ ಆರು ವರ್ಷ. ಹನ್ನೆರಡು ವರ್ಷದಿಂದ ಆ ಗಾಜು ಒರೆಸುತ್ತಿದ್ದೇನೆ. ಹಾವಿನವಳನ್ನು ಅಲ್ಲಿಯವರು ಒಂದು ದಿನವೂ ಮೇಲ್ಮುಖ ಮಾಡಿ ಇಟ್ಟಿರಲಿಲ್ಲ."

ಸಂಜೆ 5.30ಕ್ಕೆ ಪೆಯಿಚ್ ನಾಣ್ಯ ಗುರುತಿಸಲು ಬಂದರು. ಮೇಜಿನ ಮೇಲಿದ್ದುದನ್ನು ಮಗುಚಿ, ಚಕ್ರವರ್ತಿಯ ಮುಖ ಮೇಲೆ ಮಾಡಿ, "ಇದೇ," ಎಂದು ಸಹಿ ಹಾಕಿದರು.