ಆಗಸ್ಟಿನ ಐದು ಪದ

ವೇಡ್‌ನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಪಾದ. ಅಲಬಾಮಾದ ನಮ್ಮ ಪುಟ್ಟ ಊರಿನ ಕಾಲೇಜಿನಲ್ಲಿ ಫುಟ್‌ಬಾಲ್ ಆಟಗಾರರ ಕಣಕಾಲಿಗೆ ಪಟ್ಟಿ ಸುತ್ತುವುದು, ಪೆಟ್ಟಾದಲ್ಲಿ ಐಸ್ ಇಡುವುದು ನನ್ನ ಕೆಲಸ. ನನ್ನ ಓದೂ ಅದೇ. ಅವನೋ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು. ಚೆಂಡು ಅವನ ಕೈಬಿಟ್ಟಿತೆಂದರೆ ಊರಿಗೆ ಊರೇ ಉಸಿರು ಬಿಗಿಹಿಡಿಯುತ್ತಿತ್ತು.

"ಸ್ವಲ್ಪ ಮೆತ್ತಗೆ ಕಟ್ಟೇ ತಾಯಿ. ನಾನೇನು ಹಗ್ಗ ಕಿತ್ಕೊಂಡು ಓಡೋ ಕರುನಾ?"

"ಓಡಲ್ಲ ಅಂತ ಏನು ಗ್ಯಾರಂಟಿ?"

"ನಿನ್ನ ಮುಂದೆ ಕೂತಾಗ ಯಾವತ್ತಾದ್ರೂ ಓಡಿದೀನಾ ನೆಲ್?"

ಕೇಳಿದವನು ನನ್ನನ್ನೇ ನೋಡುತ್ತ ಕೂತ. ಪಟ್ಟಿ ಹರಿಯುವ ನೆಪದಲ್ಲಿ ನಾನು ಮುಖ ತಗ್ಗಿಸಿದೆ. ಕಿವಿ ಕೆಂಪಾದದ್ದು ಅವನಿಗೆ ಕಂಡೇ ಇರುತ್ತದೆ.

ಆ ವರ್ಷ ಒಂದು ಪಂದ್ಯವನ್ನೂ ಆಡುವ ಮೊದಲೇ ಪತ್ರಿಕೆಯವರು ನಮ್ಮನ್ನು ಮೊದಲ ಸ್ಥಾನದಲ್ಲಿ ಕೂರಿಸಿಬಿಟ್ಟಿದ್ದರು. ಚರ್ಚಿನ ಬೋರ್ಡಿನಲ್ಲಿ ದೇವರ ಹೆಸರಿನ ಕೆಳಗೆ ವೇಡ್‌ನ ಜೆರ್ಸಿ ನಂಬರು. ಅಪ್ಪನ ಸುಟ್ಟ ಮಾಂಸದ ಹೋಟೆಲಿನಲ್ಲಿ ಬಂದವರೆಲ್ಲ ಗೆಲ್ಲಲಿರುವ ಕಪ್‌ನ ಮಾತೇ ಆಡುತ್ತಿದ್ದರು.

ಸೀಸನ್‌ಗೆ ಮೊದಲು, ಆಗಸ್ಟಿನಲ್ಲಿ, ಪ್ರತಿ ಆಟಗಾರನ ನೆನಪಿನ ಪರೀಕ್ಷೆ ನಡೆಯುತ್ತದೆ. ನಾವು ಐದು ಪದ ಓದುತ್ತೇವೆ, ಹತ್ತು ನಿಮಿಷ ಬಿಟ್ಟು ಅವನು ತಿರುಗಿ ಹೇಳಬೇಕು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಪರೀಕ್ಷೆ. ಅಂಕ ಆಗಸ್ಟಿಗಿಂತ ಇಳಿದಿದ್ದರೆ ಅವನನ್ನು ಆಡಿಸುವಂತಿಲ್ಲ. ಹಾಗಾಗಿ ಕಿಲಾಡಿಗಳು ಆಗಸ್ಟಿನಲ್ಲೇ ಬೇಕೆಂದು ದಡ್ಡರಾಗುತ್ತಾರೆ.

ನಾನು ವೇಡ್‌ಗೆ ಓದಿದ ಪದಗಳು: ಏಣಿ, ಉಪ್ಪು, ಕುದುರೆ, ಗಂಟೆ, ಹಾಸಿಗೆ.

"ಏಣಿ... ಉಪ್ಪು... ಅಯ್ಯೋ, ಮಿಕ್ಕಿದ್ದು ಮರ್ತೇ ಹೋಯ್ತಲ್ಲಾ!" ಎಂದು ಕಣ್ಣು ಹೊಡೆದ.

"ಲೇ, ಸುಳ್ಳು ಬೊಗಳ್ಬೇಡ."

"ಬರ್ಕೊಳೇ, ಎರಡು."

ನಗುತ್ತಲೇ ಎರಡು ಎಂದು ಬರೆದು ಸಹಿ ಹಾಕಿದೆ. ಆ ಕಣ್ಣಿಗೆ ಸೋತೆ, ಅಷ್ಟೇ. ನಮ್ಮ ವಿಭಾಗದ ಮುಖ್ಯಸ್ಥೆ ವರ್ನಾ ಮೇಡಂ ನನ್ನ ಸಹಿ ನೋಡಿ ಏನೂ ಕೇಳದೆ ಫೈಲಿಗೆ ಸೇರಿಸಿದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಎಂಟು ಪಂದ್ಯ ಗೆದ್ದೆವು. ಎಂಟನೆಯದರಲ್ಲಿ ಇಬ್ಬರು ಒಟ್ಟಿಗೇ ಬಂದು ಗುದ್ದಿದರು, ವೇಡ್‌ನ ತಲೆ ನೆಲಕ್ಕೆ ಬಡಿಯಿತು. ಮಂಗಳವಾರ ಮೇಡಂ ಹೊಸ ಐದು ಪದ ಓದಿದರು. ಅವನು ಹೇಳಿದ್ದು ಎರಡು. ಆಗಸ್ಟಿನಲ್ಲೂ ಎರಡೇ. ಡಾಕ್ಟರ್ ಆಡಬಹುದೆಂದರು.

"ಈ ಸಲಾನೂ ನಾಟಕ ತಾನೇ?" ಎಂದು ಪಿಸುಗುಟ್ಟಿದೆ.

"ಇನ್ನೇನು ಮತ್ತೆ?"

ನನಗೆ ನಂಬುವುದು ಬೇಕಿತ್ತು, ನಂಬಿದೆ.

ಶನಿವಾರ ಮಧ್ಯಾಹ್ನ ಪಂದ್ಯ. ಎಡಗಾಲಿಗೆ ಸುತ್ತಿದೆ, ಬಲಗಾಲಿಗೆ ಸುತ್ತಿದೆ. ವೇಡ್ ಮತ್ತೆ ಎಡಗಾಲು ಚಾಚಿದ.

"ಇದು ಬಾಕಿ ಉಳೀತಲ್ಲೇ."

"ವೇಡ್, ಅದನ್ನ ಈಗ ತಾನೇ ಕಟ್ಟಿದೆ."

ಬಗ್ಗಿ ನೋಡಿದ. ಬಿಳಿ ಪಟ್ಟಿ ಕಣ್ಣಿಗೆ ಹೊಡೆಯುವಂತಿತ್ತು. ಅವನು ಜೋಕ್ ಮಾಡಲಿಲ್ಲ. ಮಂಗಳವಾರದ ಎರಡು ನಾಟಕವಲ್ಲವೆಂದು ನನಗೆ ತಿಳಿದದ್ದು ಆಗಲೇ.

"ಯಾರಿಗೂ ಹೇಳ್ಬೇಡ ಕಣೇ. ಇನ್ನು ನಾಕೇ ಮ್ಯಾಚು. ಊರೆಲ್ಲ ಕಾಯ್ತಿದೆ. ನಿನ್ ಕೈ ಮುಗೀತೀನಿ."

ಬೆಂಚಿನ ಮೇಲಿದ್ದ ಅವನ ಹೆಲ್ಮೆಟ್ ಎತ್ತಿಕೊಂಡು ಎದ್ದುಬಿಟ್ಟೆ. ನಮ್ಮ ವಿಭಾಗದವರ ಕೈಗೆ ಹೆಲ್ಮೆಟ್ ಹೋಯಿತೆಂದರೆ ಆಟಗಾರ ಮೈದಾನಕ್ಕಿಳಿಯುವಂತಿಲ್ಲ, ಕೋಚ್ ಕೂಡ ಕೇಳುವಂತಿಲ್ಲ. ಆಗಸ್ಟಿನ ಸುಳ್ಳೂ ಸೇರಿದಂತೆ ಎಲ್ಲವನ್ನೂ ವರ್ನಾ ಮೇಡಂಗೆ ಹೇಳಿದೆ. ಅವರು ಹೆಲ್ಮೆಟ್ಟಿನ ಕಡೆ ಬೆರಳು ತೋರಿಸಿದರು.

"ಆಟ ಮುಗಿಯೋವರ್ಗೂ ಅದನ್ನ ಕೈ ಬಿಡ್ಬೇಡ. ಆಮೇಲೆ ನಿನ್ನ ಐಡಿ ಕಾರ್ಡು ನನ್ನ ಟೇಬಲ್ ಮೇಲಿಡು."

ಮೂರು ಪಾಯಿಂಟಿನಿಂದ ಸೋತೆವು, ಆ ಒಂದು ಸೋಲಿಗೆ ಕಪ್ಪಿನ ಆಸೆಯೂ ಮುಗಿಯಿತು. ಮೂರೂವರೆ ಗಂಟೆ ಆ ಹೆಲ್ಮೆಟ್ಟನ್ನು ಹೊಟ್ಟೆಗೊತ್ತಿಕೊಂಡು ನಿಂತಿದ್ದೆ. ಅವನು ಹತ್ತು ಹೆಜ್ಜೆ ದೂರದಲ್ಲಿದ್ದ, ಒಮ್ಮೆಯೂ ತಿರುಗಲಿಲ್ಲ. ಮರುದಿನ ಚರ್ಚಿನಲ್ಲಿ ನಮ್ಮ ಸಾಲಿನಲ್ಲಿ ಯಾರೂ ಕೂರಲಿಲ್ಲ.

ಊರು ಮುನಿದದ್ದು ನನಗೆ ದೊಡ್ಡದಾಗಲಿಲ್ಲ. ಮಂಗಳವಾರದಿಂದ ಶನಿವಾರದವರೆಗೆ ಅವನು ಪೆಟ್ಟಾದ ತಲೆಯಲ್ಲೇ ಅಭ್ಯಾಸ ಮಾಡಿದ್ದ. ಆಗಸ್ಟಿನಲ್ಲಿ ನಾನು ನಿಜ ಬರೆದಿದ್ದರೆ ಮಂಗಳವಾರವೇ ಅವನನ್ನು ಕೂರಿಸುತ್ತಿದ್ದರು. ಕಪ್ ಹೋದದ್ದಕ್ಕೆ ಅತ್ತವರು ಬೇಕಾದಷ್ಟು ಜನ. ನಾನು ಅತ್ತದ್ದು ಆ ನಾಲ್ಕು ದಿನಕ್ಕೆ.

ಡಿಸೆಂಬರಿನ ಒಂದು ಮಧ್ಯಾಹ್ನ ವೇಡ್ ಅಪ್ಪನ ಹೋಟೆಲಿಗೆ ಬಂದ. ಬಿಸಿಲಿಗೆ ಕಣ್ಣು ನೋಯುತ್ತದೆಂದು ಟೋಪಿ ಕೆಳಗೆಳೆದುಕೊಂಡಿದ್ದ. ನಾನು ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ನಿಂತೆ. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದೆ.

"ವೇಡ್, ನನ್ನಿಂದ ತಪ್ಪಾ..."

"ಸುಮ್ನಿರು. ಮೊದ್ಲು ಪರೀಕ್ಷೆ ಮುಗಿಸ್ತೀನಿ." ಬೆರಳು ಮಡಿಸಿದ. "ಏಣಿ. ಉಪ್ಪು. ಕುದುರೆ. ಗಂಟೆ. ಹಾಸಿಗೆ. ಅವತ್ತೂ ಐದೂ ಗೊತ್ತಿತ್ತು. ಸುಳ್ಳು ಬರೆಸಿದ್ದು ನಾನು."

"ಬರೆದದ್ದು ನಾನು ಕಣೋ."

"ನಿಂಗೆ ನನ್ ಮೇಲೆ ಮನಸ್ಸಿದೆ ಅಂತ ಗೊತ್ತಿದ್ದೇ ಕಣ್ಣು ಹೊಡ್ದೆ. ಅದೇ ಜಾಸ್ತಿ ಚುಚ್ತಿರೋದು." ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಂಗೂ ಮನಸ್ಸಿತ್ತು. ಅದನ್ನ ಹೇಳ್ಲಿಲ್ಲ, ನಿನ್ನ ಮನಸ್ಸನ್ನ ಮಾತ್ರ ಬಳಸ್ಕೊಂಡೆ."

"ಈಗ್ಯಾಕೆ ಹೇಳ್ತಿದೀಯ?"

"ತಲೆ ನೆಟ್ಟಗಾಗ್ಲಿ ಅಂತ ಕಾದೆ. ನಿನ್ನೆ ಡಾಕ್ಟರು, ಆಟಕ್ಕಾಗಲ್ಲ, ಬದುಕೋಕೆ ಸಾಕು ಅಂದ್ರು. ಈಗ ಹೇಳಿದ್ರೆ ನೀನು ನಂಬ್ತೀಯ."

ಏಪ್ರನ್ ಜೇಬಿನಿಂದ ಆರ್ಡರ್ ಬರೆದುಕೊಳ್ಳುವ ಪುಸ್ತಕ ತೆಗೆದು ಬರೆದೆ: ವೇಡ್ ಗಿಲ್‌ಕ್ರೀಸ್, ಐದಕ್ಕೆ ಐದು. ಕೆಳಗೆ ಸಹಿ ಹಾಕಿದೆ. ಅವನು ಪೆನ್ನು ಹಿಡಿದ ನನ್ನ ಕೈಯನ್ನು ಹಿಡಿದುಕೊಂಡ. ಈ ಸಲ ನಾನು ಬರೆದದ್ದು ನಿಜವಾಗಿತ್ತು.