ಎರಡು ಡಿಸ್ಕ್‌ಗಳ ಸಾವು

ಎರಡೂ ಡಿಸ್ಕ್‌ಗಳು ಸತ್ತಿದ್ದವು. ಒಂದಲ್ಲ, ಎರಡೂ — ಒಂದೇ ಗಳಿಗೆಯಲ್ಲಿ.

ಡಾಕ್ಟರಮ್ಮ ಕಂಪ್ಯೂಟರನ್ನೂ ಅದಕ್ಕೆ ಕರೆಂಟ್ ಕೊಡುವ ಹೊಸ ಪವರ್ ಸಪ್ಲೈ ಬಂದಿದ್ದ ಡಬ್ಬವನ್ನೂ ತಂದು ಅಂಗಡಿಯ ಮೇಜಿನ ಮೇಲಿಟ್ಟರು. ದಿನವಿಡೀ ಜನರ ಹಲ್ಲು ಕೀಳುವ ಈ ಹೆಂಗಸಿಗೆ ಸಂಜೆಯಾಯಿತೆಂದರೆ ಕಾರ್ ರೇಸ್ ಆಟದ ಹುಚ್ಚು. ಐದು ವರ್ಷ ಆಡಿದ ರೇಸುಗಳ ರೆಕಾರ್ಡಿಂಗ್ ಆ ಡಿಸ್ಕ್‌ಗಳಲ್ಲಿತ್ತು.

"ಯಾರ ಕೆಲಸ ಇದು?"

ಅಂಗಡಿಯ ಯಜಮಾನರು ಕೌಂಟರಿನ ಕಡೆ ಬೆರಳು ತೋರಿಸಿದರು. "ಪವರ್ ಸಪ್ಲೈ ಆರಿಸಿದ್ದು ಇವಳು. ಕೆಲಸದಿಂದ ತೆಗೀತಿದ್ದೀನಿ. ಪತ್ರ ರೆಡಿ ಇದೆ, ತಪ್ಪು ನನ್ನದೇ ಅಂತ ಇವಳು ಸಹಿ ಹಾಕೋದೊಂದು ಬಾಕಿ."

ಕೌಂಟರಿನ ಹಿಂದೆ ಇದ್ದವಳು ವಾಟಮ್ಮ. ಗಿರಾಕಿ ಬಂದ ಕೂಡಲೇ ವಾಟ್ ಲೆಕ್ಕ ಹಾಕಲು ಕೂರುತ್ತಾಳೆಂದು ಅಂಗಡಿಯವರೇ ಇಟ್ಟ ಅಡ್ಡಹೆಸರು ಅದು. ಆರು ವರ್ಷದಿಂದ ಇದೇ ಕೌಂಟರು. ಅಂಥ ಪತ್ರಕ್ಕೆ ಸಹಿ ಹಾಕಿದರೆ ಊರಿನ ಯಾವ ಅಂಗಡಿಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲೆಕ್ಕ ತಪ್ಪಿತೇ? ನಿನ್ನೆ ಡಾಕ್ಟರಮ್ಮನ ಫೋನ್ ಬಂದಾಗಿನಿಂದ ಅವಳಿಗೆ ತನ್ನ ಮೇಲೇ ಅನುಮಾನ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡರು. "ಹಲ್ಲುನೋವು ಅಂತ ಬರೋರು ಎಷ್ಟೋ ಸಲ ಬೇರೆ ಹಲ್ಲು ತೋರಿಸ್ತಾರೆ. ತೋರಿಸಿದ್ದನ್ನೇ ಕಿತ್ತುಬಿಟ್ರೆ ನನ್ನ ಕಥೆ ಮುಗೀತು. ಹೇಳಮ್ಮ, ಹಳೇದು ಯಾಕೆ ಬದಲಾಯಿಸಿ ಅಂದೆ?"

"ರೇಸ್ ಜೋರಾದಾಗೆಲ್ಲ ಕಂಪ್ಯೂಟರ್ ತಟ್ಟಂತ ಆಫ್ ಆಗ್ತಿತ್ತು ಅಂದ್ರಿ. ಆಟ ಬಿಟ್ಟು ಬೇರೆ ಕೆಲಸಕ್ಕೆ ಏನೂ ತೊಂದರೆ ಇರ್ಲಿಲ್ಲ. ಗ್ರಾಫಿಕ್ಸ್ ಕಾರ್ಡು ಒಂದೊಂದು ಕ್ಷಣ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ. ನಿಮ್ಮ ಹಳೇದು ಐನೂರೈವತ್ತು ವಾಟು, ಅದಕ್ಕೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಎಂಟುನೂರೈವತ್ತರದ್ದು ಕೊಟ್ಟೆ."

"ಅದೂ ಸಾಲದೆ ಹೋದ್ರೆ ಡಿಸ್ಕ್ ಸಾಯುತ್ತಾ?"

ವಾಟಮ್ಮ ಒಂದು ಕ್ಷಣ ಯೋಚಿಸಿದಳು. "ಇಲ್ಲ. ಮೊದಲಿನ ಥರ ಆಫ್ ಆಗ್ತಿತ್ತು, ಅಷ್ಟೆ."

"ಹಾಗಾದ್ರೆ ಮಾಲೇ ಕೆಟ್ಟಿರಬೇಕು," ಎಂದು ಯಜಮಾನರು ನಡುವೆ ಬಾಯಿ ಹಾಕಿದರು. "ಕೆಟ್ಟ ಮಾಲು ಆರಿಸಿದ್ದೂ ಇವಳೇ ತಾನೆ?"

"ಜೋಡಿಸಿದ್ದು ಯಾರು?" ಡಾಕ್ಟರಮ್ಮ ಕೇಳಿದರು.

"ನಾನೇ ಮನೆಗೆ ಬಂದಿದ್ನಲ್ಲ. ಸ್ಕ್ರೂ ತಿರುಗಿಸಿದೆ, ಅಷ್ಟೇ."

"ಹೌದು, ಬಂದಿದ್ರಿ. ನಾನು ಪಕ್ಕದ ಕೋಣೆಯ ಕ್ಲಿನಿಕ್ಕಲ್ಲಿ ಒಬ್ಬರ ದವಡೆಗೆ ಇಂಜೆಕ್ಷನ್ ಕೊಟ್ಟಿದ್ದೆ. ಅದು ಮರಗಟ್ಟೋ ಮುಂಚೆ ನೀವು ಮುಗೀತು ಅಂತ ಹೊರಟಿದ್ರಿ. ಹತ್ತು ನಿಮಿಷವೂ ಆಗಿರ್ಲಿಲ್ಲ."

"ಮೂವತ್ತು ವರ್ಷದ ಕೈ ಇದು, ಡಾಕ್ಟರಮ್ಮ."

ಹತ್ತು ನಿಮಿಷ? ವಾಟಮ್ಮ ತಲೆಯೆತ್ತಿದಳು. ಹಳೆಯ ವೈರುಗಳನ್ನೆಲ್ಲ ಹಿಂಬದಿಯಿಂದ ಬಿಚ್ಚಿ ಹೊಸವನ್ನು ಎಳೆದು ಕಟ್ಟಲು ಅವಳಿಗೇ ಒಂದು ಗಂಟೆ ಹಿಡಿಯುತ್ತದೆ. ಯಜಮಾನರು ಕೂತು ವೈರು ಕಟ್ಟಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಈ ಡಬ್ಬ ಒಂದ್ಸಲ ನೋಡ್ಲಾ?"

"ಅದರಲ್ಲೇನಿದೆ ನೋಡೋಕೆ?" ಯಜಮಾನರ ಕೈ ಡಬ್ಬದ ಮೇಲೆ ಬಿತ್ತು.

"ಕೈ ತೆಗೀರಿ," ಎಂದರು ಡಾಕ್ಟರಮ್ಮ. ರೋಗಿಗೆ ಬಾಯಿ ತೆಗಿ ಎನ್ನುವ ಅದೇ ದನಿ.

ಡಬ್ಬದ ತಳದಲ್ಲಿ ಕಪ್ಪು ಚೀಲವೊಂದಿತ್ತು. ಅದರ ಬಾಯಿಗೆ ಅಂಟಿಸಿದ ಕಂಪನಿಯ ಸೀಲು ಹಾಗೇ ಇತ್ತು. ವಾಟಮ್ಮ ಅದನ್ನು ಹರಿದು ಚೀಲ ಸುರಿದಳು. ಕಪ್ಪು ನೂಲಿನ ಹೆಣಿಗೆಯ ಹೊಸ ವೈರುಗಳು ಮೇಜಿನ ತುಂಬ ಬಿದ್ದವು. ಆಮೇಲೆ ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದಳು. ಹೊಸ ಪವರ್ ಸಪ್ಲೈಗೆ ಸಿಕ್ಕಿಸಿದ್ದವು ಬೂದು ಬಣ್ಣದ ಚಪ್ಪಟೆ ವೈರುಗಳು.

"ಇವು ಹಳೇವು," ಎಂದಳು. ಬೂದು ವೈರಿನ ಮೇಲೆ ಬೆರಳಿಟ್ಟಳು. "ಹಳೇ ಪವರ್ ಸಪ್ಲೈ, ಹೊಸದು, ಎರಡೂ ಬೇರೆ ಬೇರೆ ಕಂಪನಿದು. ಒಂದರ ಪಿನ್ನು ಇನ್ನೊಂದರ ತೂತಿಗೆ ಸರಿಯಾಗಿ ಕೂರುತ್ತೆ, ಆದ್ರೆ ಯಾವ ಪಿನ್ನಲ್ಲಿ ಎಷ್ಟು ವೋಲ್ಟ್ ಅನ್ನೋದು ಬೇರೆ. ಡಿಸ್ಕಿಗೆ ಐದು ಹೋಗೋ ಕಡೆ ಹನ್ನೆರಡು ಹೋಗಿದೆ. ಆನ್ ಮಾಡಿದ ತಕ್ಷಣ ಸುಟ್ಟಿವೆ. ಮಿಕ್ಕ ವೈರು ಹೇಗೋ ಹೊಂದಿಕೊಂಡಿವೆ, ನಿಮ್ಮ ಪುಣ್ಯ."

"ಯಾರಿಗೆ ಗೊತ್ತಿತ್ತು?" ಯಜಮಾನರ ಮುಖ ಹುಳ್ಳಗಾಯಿತು. "ಕೈತಪ್ಪು ಯಾರಿಗಿಲ್ಲ?"

"ಕೈತಪ್ಪು ಅಂದಿದ್ರೆ ನಾನೂ ಬಿಡ್ತಿದ್ದೆ," ಎಂದರು ಡಾಕ್ಟರಮ್ಮ. "ಆದ್ರೆ ಕಂಪ್ಯೂಟರ್ ನಾನು ತಂದಿದ್ದು ಈಗ. ಬಾಗಿಲು ತೆಗೆದಿದ್ದು ಈಗ. ನಾನು ಫೋನ್ ಮಾಡಿದ್ದಕ್ಕೇ ಪತ್ರ ಟೈಪ್ ಆಗಿದೆ. ನೋಡದೆ ಇವಳದೇ ತಪ್ಪು ಅಂತ ಹೇಗೆ ಗೊತ್ತಾಯ್ತು? ನಿಮ್ಮದು ಅಂತ ಗೊತ್ತಿತ್ತು, ಅದಕ್ಕೆ. ವೈರು ಎಳೆಯೋ ಸೋಮಾರಿತನಕ್ಕೆ ಡಿಸ್ಕ್ ಕೊಂದ್ರಿ, ಗೂಬೆ ತಂದು ಇವಳ ಮೇಲೆ ಕೂರಿಸಿದ್ರಿ."

ಯಜಮಾನರು ಪತ್ರವನ್ನು ಮಡಚಿ ಜೇಬಿಗೆ ತುರುಕಿದರು.

"ಆಯ್ತಮ್ಮ," ಎಂದರು ಕೊನೆಗೆ, ಗೋಡೆ ನೋಡುತ್ತಾ. "ಇವತ್ತು ಮನೆಗೆ ಹೋಗಿ ರೆಸ್ಟ್ ತಗೋ. ನಾಳೆಯಿಂದ ಎಂದಿನಂತೆ ಬಾ."

"ಇವತ್ತಿನ ಕೆಲಸ ಇನ್ನೂ ಇದೆ," ಎಂದು ವಾಟಮ್ಮ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಸ್ವಲ್ಪ ಆ ಕಡೆ ಸರಿದು ಕೂತ್ಕೊಳ್ಳಿ. ಈ ವೈರೆಲ್ಲ ಬದಲಾಯಿಸೋಕೆ ಒಂದು ಗಂಟೆ ಬೇಕು. ಹೇಗೆ ಅಂತ ನೋಡ್ಕೊಳ್ಳಿ."

ಯಜಮಾನರು ಸರಿದು ಕೂತರು.