ಅಣವೀರಪ್ಪನ ಎಡಗೈ

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಮುಂಬಯಿಯ ಘಾಟ್ಕೋಪರ್ ಕಡೆಯ ಒಂದು ಠಾಣೆಗೆ ಮಹಾದೇವಿ ದೂರು ಕೊಡಲು ಬಂದಳು. ಅವಳ ಗಂಡ, ಗಾರೆ ಕೆಲಸದ ಅಣವೀರಪ್ಪ, ಭಾನುವಾರ ಕೊಳಚೆ ನೀರಿನ ನಾಲಾದಲ್ಲಿ ಹೆಣವಾಗಿ ಸಿಕ್ಕಿದ್ದ. ಕುಡಿದು ಬಿದ್ದು ಸತ್ತನೆಂದು ಬರೆದು, ಆಕಸ್ಮಿಕ ಸಾವೆಂದು ದಾಖಲಿಸಿ ಠಾಣೆಯವರು ಕೈತೊಳೆದುಕೊಂಡಿದ್ದರು.

"ಅವ್ರು ಹೆಂಡ ಮುಟ್ಟಿದವ್ರಲ್ರಿ ಸಾಹೇಬ್ರ. ಕುಡುಕನ ಹೆಂಡ್ತಿ ಅನಿಸ್ಕೊಂಡು ನಾ ಊರಿಗಿ ಹೋಗಂಗಿಲ್ಲ. ಮೊದ್ಲ ಅದನ್ನ ಅಳಸ್ರಿ."

ಇನ್ಸ್‌ಪೆಕ್ಟರ್ ಸುಹಾಸ್ ಈ ಠಾಣೆಗೆ ವರ್ಗವಾಗಿ ಬಂದು ಹದಿನೈದು ದಿನವಾಗಿತ್ತು. ಉಡುಪಿ ಮೂಲದವನು, ಸಾಂತಾಕ್ರೂಜ್‌ನಲ್ಲಿ ಅಪ್ಪನ ಹೋಟೆಲಿನ ಗಲ್ಲಾದ ಪಕ್ಕ ಬೆಳೆದವನು.

"ಕೊನೆಗೆ ನೋಡಿದ್ದು ಯಾವಾಗ?"

"ಶನಿವಾರ ಸಂಜಿಕ. ಠಾಣಾಕ್ಕ ಕರದಾರ ಅಂತ ಹೋದ್ರು."

"ಎಂತಕ್ಕೆ ಕರೆದದ್ದು?"

"ಬಿಲ್ಡಿಂಗಿನ ಮ್ಯಾಲಿಂದ ಬಿದ್ದು ನಮ್ ಜೋಡಿ ಕೆಲಸದಾಕಿ ಸತ್ಲು. ಬಿಲ್ಡರ್ ಮುಚ್ಚಿಟ್ಟ. ಇವ್ರು ಸಾಕ್ಷಿ ಹೇಳ್ತೀನಿ ಅಂದಿದ್ರು."

ಅಣವೀರಪ್ಪನನ್ನು ಕರೆಸಿದ ದಾಖಲೆ ಠಾಣೆಯಲ್ಲಿ ಇರಲಿಲ್ಲ. ಲಾಕಪ್ಪಿನ ಕ್ಯಾಮೆರಾ ಶನಿವಾರವೇ ಕೆಟ್ಟಿತ್ತು. ಯಾವ ದಿನ ಕೆಡಬೇಕೆಂಬುದು ಠಾಣೆಯ ಕ್ಯಾಮೆರಾಗಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಧ್ಯಾಹ್ನ ಮರಣೋತ್ತರ ವರದಿ ಬಂತು. ಪಕ್ಕೆಲುಬು ಮುರಿದಿವೆ, ಬೆನ್ನ ಮೇಲೆ ಲಾಠಿಯ ಬಾಸುಂಡೆಗಳಿವೆ, ಹೊಟ್ಟೆಯಲ್ಲಿ ಮದ್ಯವಿಲ್ಲ, ಎಡಗೈಯಲ್ಲಿ ಗಾಯವಿಲ್ಲ. ಓದುತ್ತಿದ್ದ ಸುಹಾಸ್ ಆ ಕೊನೆಯ ಮಾತಿಗೆ ನಿಂತ. ಸ್ಥಳ ಪಂಚನಾಮೆ ಬರೆದ ಮರಾಠಿ ಸಬ್‌ಇನ್ಸ್‌ಪೆಕ್ಟರ್ 'ಮಡಚಿದ ಎಡಗೈಗೆ ಗಾಯದ ಪಟ್ಟಿ' ಎಂದು ಬರೆದಿದ್ದ. ಗಾಯವೇ ಇಲ್ಲದ ಕೈಗೆ ಪಟ್ಟಿ ಯಾಕೆ? ಹೆಣದ ಮೇಲಿನ ವಸ್ತುಗಳಿದ್ದ ಮುದ್ದೇಮಾಲಿನ ಚೀಲ ತರಿಸಿ ನೋಡಿದರೆ ಒಂದು ಬಿಳಿ ಬಟ್ಟೆ, ಅದರೊಳಗೆ ಕರಿಯ ಗುಂಡುಕಲ್ಲು.

ಮಹಾದೇವಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಅವ್ರ ಲಿಂಗರಿ ಇದು. ಕೊರಳಾಗ ಇರ್ತಿತ್ತು."

"ಇದು ಕೈಯಲ್ಲಿತ್ತು. ಬೆರಳು ಮಡಚಿ ಬಟ್ಟೆ ಸುತ್ತಿತ್ತು."

ಅವಳು ತಲೆಯೆತ್ತಿದಳು. "ಪೂಜಿಗಿ ಅಂಗೈಮ್ಯಾಲೆ ಇಟ್ಕೋತಾರ, ತಿರುಗಿ ಕೊರಳಿಗಿ ಹಾಕ್ತಾರ. ಬೆರಳ ಮಡಚಿ ಕಟ್ಟೋದು ಹೆಣಕ್ರಿ, ಮಣ್ಣ ಮಾಡೋಮುಂದ."

ಅಣವೀರಪ್ಪನ ಕಡೆಯವರು ಯಾರಾದರೂ ಕಟ್ಟಿದ್ದರೆ ಹೆಣ ಮನೆಗೆ ಬರುತ್ತಿತ್ತು, ನಾಲಾಕ್ಕಲ್ಲ. ಶನಿವಾರ ಸಂಜೆ ಡ್ಯೂಟಿಯಲ್ಲಿದ್ದವರಲ್ಲಿ ಈ ಪದ್ಧತಿ ಬಲ್ಲವನು ಒಬ್ಬನೇ ಇದ್ದ. ಆಳಂದ ಕಡೆಯ ಹೆಡ್ ಕಾನ್‌ಸ್ಟೆಬಲ್ ಶರಣಬಸಪ್ಪ. ಕನ್ನಡದ ಕೂಲಿಯವರು ಠಾಣೆಗೆ ಬಂದರೆ ಅವರ ಮಾತನ್ನು ಮರಾಠಿಯಲ್ಲಿ ಹೇಳುತ್ತಿದ್ದವನು ಅವನೇ. ಅವರೆಲ್ಲ ಅವನನ್ನು ಅಣ್ಣಾ ಎನ್ನುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಹೀಗೆಯೇ.

ನಾಲ್ಕು ಗಂಟೆಗೆ ಮೇಲಿನವರ ಫೋನ್ ಬಂತು. ಆಕಸ್ಮಿಕ ಸಾವೆಂದೇ ಮುಗಿಸಬೇಕಂತೆ. ಸುಹಾಸ್ "ಸರ್" ಎಂದು ಫೋನಿಟ್ಟು ಶರಣಬಸಪ್ಪನನ್ನು ಕರೆಸಿದ.

"ನಿಮ್ಮ ಕಡೆ ಹೆಣದ ಕೈಗೆ ಎಂತ ಕಟ್ಟುತ್ತಾರೆ?"

ಶರಣಬಸಪ್ಪ ಮೇಜಿನ ಮೇಲಿದ್ದ ಬಟ್ಟೆ ನೋಡಿದ.

"ಹೆದರ್ಸು ಅಂದಿದ್ದ ಬಿಲ್ಡರ್. ಸಾಯ್ತಾನಂತ ಗೊತ್ತಿರ್ಲಿಲ್ರಿ ಸಾಹೇಬ್ರ."

"ಕಟ್ಟಿದ್ದು ಯಾಕೆ?"

"ಬೇವಾರ್ಸಿ ಹೆಣ ಅಂತ ಮಣ್ಣ ಮಾಡ್ದ ಸುಟ್ಟುಬಿಟ್ರ? ಕೈಯಾಗ ಲಿಂಗಾರೆ ಇರ್ಲಿ ಅಂದೆ."

ಸಂಜೆ ಆರಕ್ಕೆ ಕೊಲೆಯ ಎಫ್‌ಐಆರ್ ದಾಖಲಾಯಿತು; ಆರೂವರೆಗೆ ಶರಣಬಸಪ್ಪನ ಬಂಧನ. ಅಣವೀರಪ್ಪ ಕುಡಿದಿರಲಿಲ್ಲವೆಂಬುದನ್ನು ಸುಹಾಸ್ ಮಹಾದೇವಿಗೆ ಓದಿ ಹೇಳಿದ. ಬಿಲ್ಡರನ ವಕೀಲ ಅಷ್ಟರಲ್ಲೇ ನಿರೀಕ್ಷಣಾ ಜಾಮೀನಿಗೆ ಓಡಾಡುತ್ತಿದ್ದ.

ಶರಣಬಸಪ್ಪ ಇದ್ದ ಪೊಲೀಸ್ ಕ್ವಾರ್ಟರ್ಸ್ ಶಿಥಿಲವಾಗಿದೆಯೆಂದು ಖಾಲಿ ಮಾಡಲು ಹೇಳಿದ್ದರು. ನಿವೃತ್ತಿಗೆ ಒಂದು ವರ್ಷವಿತ್ತು. ಹೊಸ ಕಟ್ಟಡದಲ್ಲಿ ಒಂದು ಖೋಲಿ ಕೊಡುವೆನೆಂದು ಬಿಲ್ಡರ್ ಆಸೆ ತೋರಿಸಿದ್ದ. ಸೂರಿಲ್ಲದವನ ಸಂಕಟ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಅಣವೀರಪ್ಪನಿಗೂ ಸೂರಿರಲಿಲ್ಲ; ಆ ಖೋಲಿಯ ಗೋಡೆ ಕಟ್ಟಿದವನು ಅವನೇ.

ಶರಣಬಸಪ್ಪನನ್ನು ಕರೆದೊಯ್ಯುವಾಗ ಬೆಂಚಿನ ಮೇಲಿದ್ದ ಮಹಾದೇವಿ ಎದ್ದು ಅಡ್ಡ ನಿಂತಳು. ಬೈಯುತ್ತಾಳೆಂದು ಎಲ್ಲರೂ ಕಾದರು.

"ಅಣ್ಣಾ, ಜೀವ ಹೋಗೋಮುಂದ ಅವ್ರು ನೀರ ಕೇಳಿದ್ರೇನು?"

"ಕೇಳಿದ್ದ ತಂಗಿ."

ಕೊಟ್ಟೆಯಾ ಎಂದು ಅವಳು ಕೇಳಲಿಲ್ಲ. ಕೇಳಲು ಸುಹಾಸನಿಗೂ ಧೈರ್ಯವಾಗಲಿಲ್ಲ.